ಕಡಲ ಸ್ಪಂಜಿನಿಂದ ಔಷಧ: ಸುದ್ದಿ ನಿಜವೇ, ನಿಮ್ಮ ಚಿಕಿತ್ಸೆಗೂ ಅದಕ್ಕೂ ಏನು ಸಂಬಂಧ?

ನಿಮ್ಮ ಮನೆಯಲ್ಲಿ ಯಾರಿಗಾದರೂ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುತ್ತಿದ್ದರೆ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ‘ಸೈಟರಾಬಿನ್’ ಎಂಬ ಹೆಸರನ್ನು ನೋಡಿರಬಹುದು. ಬಾಟಲಿಯಲ್ಲಿ ಬೆರೆಸಿ, ಡ್ರಿಪ್ ಮೂಲಕ ಹನಿಹನಿಯಾಗಿ ಕೊಡುವ ಔಷಧ ಅದು. ಅದರ ಕಥೆ ಶುರುವಾದದ್ದು ಕಡಲ ತಳದ ಒಂದು ಸ್ಪಂಜಿನಲ್ಲಿ ಎಂದರೆ ನಂಬುವುದು ಕಷ್ಟ. ಆದರೆ ಅದು ನಿಜ.

ಈಗ ಇನ್ನೊಂದು ಸಂಗತಿ. ‘ಸಮುದ್ರದ ಸ್ಪಂಜಿನಲ್ಲಿ ಕ್ಯಾನ್ಸರ್ ಕೊಲ್ಲುವ ಅಂಶ ಪತ್ತೆ’ ಎಂಬಂಥ ಸುದ್ದಿ ಆಗಾಗ ಪತ್ರಿಕೆಯಲ್ಲೋ ವಾಟ್ಸಾಪ್‌ನಲ್ಲೋ ಬರುತ್ತದೆ. ಓದಿದ ತಕ್ಷಣ ರೋಗಿಯ ಮನೆಯವರ ಮನಸ್ಸಿನಲ್ಲಿ ಪ್ರಶ್ನೆ ಏಳುತ್ತದೆ: ಇದು ನಮಗೆ ಸಿಗುತ್ತದೆಯೇ? ಸ್ವಲ್ಪ ಕಾದರೆ ಒಳ್ಳೆಯದೇ? ಈಗಿನ ಕಿಮೋ ನಿಲ್ಲಿಸಿ ಇದನ್ನೇ ಹುಡುಕೋಣವೇ?

ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಎರಡು ವಿಷಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ಈಗಾಗಲೇ ಔಷಧವಾಗಿ ನಿಮ್ಮ ಆಸ್ಪತ್ರೆಗೆ ಬಂದಿರುವುದು. ಇನ್ನೊಂದು, ಪ್ರಯೋಗಾಲಯದಲ್ಲಿ ಈಗಷ್ಟೇ ಸಿಕ್ಕ ಸುಳಿವು. ಎರಡರ ನಡುವಿನ ದಾರಿ ಬಹಳ ಉದ್ದ.

ಸ್ಪಂಜು ಎಂದರೇನು?

ಪಾತ್ರೆ ಉಜ್ಜಲು ಬಳಸುವ ಸ್ಪಂಜು ಕಾರ್ಖಾನೆಯಲ್ಲಿ ತಯಾರಾದದ್ದು. ಕಡಲ ಸ್ಪಂಜು ಜೀವವಿರುವ ಪ್ರಾಣಿ. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ, ಹೃದಯವಿಲ್ಲ, ನರಗಳಿಲ್ಲ. ಬಂಡೆಗೋ ಹವಳಕ್ಕೋ ಅಂಟಿಕೊಂಡು ಒಂದೇ ಕಡೆ ಬೆಳೆಯುತ್ತದೆ. ಮೈತುಂಬ ಸಣ್ಣ ರಂಧ್ರಗಳು. ಅವುಗಳ ಮೂಲಕ ನೀರನ್ನು ಒಳಗೆಳೆದು, ನೀರಿನಲ್ಲಿರುವ ಬ್ಯಾಕ್ಟೀರಿಯಾ ಮತ್ತು ಆಹಾರದ ಕಣಗಳನ್ನು ಸೋಸಿಕೊಂಡು, ಉಳಿದ ನೀರನ್ನು ಹೊರಗೆ ಬಿಡುತ್ತದೆ. ಜಗತ್ತಿನಲ್ಲಿ ಇದುವರೆಗೆ ಎಂಟು ಸಾವಿರಕ್ಕೂ ಹೆಚ್ಚು ಜಾತಿಯ ಸ್ಪಂಜುಗಳನ್ನು ಗುರುತಿಸಲಾಗಿದೆ.

ಓಡಿ ತಪ್ಪಿಸಿಕೊಳ್ಳಲಾಗದ, ಚಿಪ್ಪೂ ಇಲ್ಲದ ಇಂಥ ಪ್ರಾಣಿ ಮೀನುಗಳ ಬಾಯಿಗೆ ಸಿಗದೆ ಉಳಿದದ್ದು ಹೇಗೆ? ರಾಸಾಯನಿಕಗಳ ಬಲದಿಂದ. ಅನೇಕ ಸ್ಪಂಜುಗಳ ಮೈಯಲ್ಲಿ ಕಹಿಯಾದ, ವಿಷದಂಥ ವಸ್ತುಗಳಿರುತ್ತವೆ. ತಿನ್ನಲು ಬಂದ ಪ್ರಾಣಿ ದೂರ ಸರಿಯುತ್ತದೆ. ಪಕ್ಕದಲ್ಲಿ ಬೆಳೆದು ಜಾಗ ಕಸಿಯಲು ಬಂದ ಜೀವಿಯ ಬೆಳವಣಿಗೆ ನಿಲ್ಲುತ್ತದೆ. ಬೇರೆ ಜೀವಿಯ ಕೋಶ ವಿಭಜನೆಯನ್ನು ತಡೆಯುವ ಈ ಗುಣವೇ ಔಷಧ ಹುಡುಕುವವರ ಗಮನ ಸೆಳೆದದ್ದು, ಏಕೆಂದರೆ ಕ್ಯಾನ್ಸರ್ ಎಂದರೆ ಹತೋಟಿ ತಪ್ಪಿದ ಕೋಶ ವಿಭಜನೆ.

ಈ ವಸ್ತುಗಳನ್ನು ಎಲ್ಲ ಸಲವೂ ಸ್ಪಂಜೇ ತಯಾರಿಸುವುದಿಲ್ಲ ಎಂಬುದು ಈಗ ತಿಳಿದಿದೆ. ಸ್ಪಂಜಿನ ಮೈಯೊಳಗೆ ಅಪಾರ ಸಂಖ್ಯೆಯ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಕೆಲವು ಜಾತಿಗಳಲ್ಲಿ ದೇಹದ ಗಾತ್ರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾಗಳೇ ಆಗಿರಬಹುದು. ಥಿಯೋನೆಲ್ಲಾ ಎಂಬ ಸ್ಪಂಜಿನಲ್ಲಿ ಸಿಗುವ ಹಲವು ಪ್ರಬಲ ರಾಸಾಯನಿಕಗಳನ್ನು ತಯಾರಿಸುವುದು ಅದರೊಳಗಿನ ಒಂದು ಬಗೆಯ ಬ್ಯಾಕ್ಟೀರಿಯಾ ಎಂದು ಯೋರ್ನ್ ಪೀಲ್ ಅವರ ತಂಡ 2014ರಲ್ಲಿ ತೋರಿಸಿತು.

ಮೊದಲ ಉದಾಹರಣೆ: ಸೈಟರಾಬಿನ್

1950ರ ದಶಕದ ಆರಂಭದಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ವರ್ನರ್ ಬರ್ಗ್‌ಮನ್, ಫ್ಲಾರಿಡಾ ಕರಾವಳಿಯ ಸ್ಪಂಜೊಂದರಲ್ಲಿ ವಿಚಿತ್ರವಾದ ಅಣುಗಳಿರುವುದನ್ನು ವರದಿ ಮಾಡಿದರು. ಅವು ನಮ್ಮ ಡಿಎನ್‌ಎಯ ಬಿಡಿಭಾಗಗಳಂತೆಯೇ ಇದ್ದವು. ಆದರೆ ಅವುಗಳಲ್ಲಿದ್ದ ಸಕ್ಕರೆ ಮಾತ್ರ ಬೇರೆ. ನಮ್ಮ ದೇಹ ಬಳಸುವ ಸಕ್ಕರೆಯ ಜಾಗದಲ್ಲಿ ‘ಅರಾಬಿನೋಸ್’ ಎಂಬ ಸಕ್ಕರೆ ಇತ್ತು.

ಇದರ ಮಹತ್ವ ಅರ್ಥವಾಗಲು ಮಣಿಸರ ಪೋಣಿಸುವುದನ್ನು ನೆನೆಸಿಕೊಳ್ಳಿ. ಕೋಶವೊಂದು ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು, ಅಂದರೆ ಮಣಿಯ ನಂತರ ಮಣಿ ಪೋಣಿಸುತ್ತ ಹೋಗಬೇಕು. ನಡುವೆ ನೋಡಲು ಸರಿಯಾದ ಮಣಿಯಂತೆಯೇ ಇರುವ, ಆದರೆ ಮುಂದಿನ ಮಣಿಯನ್ನು ಸೇರಿಸಲು ಅಡ್ಡಿ ಮಾಡುವ ಮಣಿಯೊಂದು ಬಂದು ಕೂತರೆ ಸರ ಅಲ್ಲಿಗೇ ನಿಲ್ಲುತ್ತದೆ. ಕೋಶ ವಿಭಜನೆಯಾಗಲಾರದೆ ಸಾಯುತ್ತದೆ. ಸೈಟರಾಬಿನ್ ಇಂಥ ಮಣಿ.

ಸ್ಪಂಜಿನಲ್ಲಿ ಸಿಕ್ಕಿದ್ದು ಸೈಟರಾಬಿನ್ ಅಲ್ಲ, ಅದರ ಮಾದರಿ. ಸಕ್ಕರೆ ಬದಲಾದರೆ ಏನಾಗಬಹುದು ಎಂಬ ಸುಳಿವು. ಆ ದಾರಿಯಲ್ಲಿ ಮುಂದುವರಿದ ರಸಾಯನ ವಿಜ್ಞಾನಿಗಳು 1959ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಸೈಟರಾಬಿನ್ ಅಣುವನ್ನು ಕಟ್ಟಿದರು. 1969ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಇಂದು ಅದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಎ.ಎಂ.ಎಲ್. ಎಂಬ ತೀವ್ರ ರಕ್ತದ ಕ್ಯಾನ್ಸರ್‌ಗೆ ವೈದ್ಯರು ‘ಸೆವೆನ್ ಪ್ಲಸ್ ತ್ರೀ’ ಎಂದು ಹೇಳುವ ಚಿಕಿತ್ಸೆಯಲ್ಲಿ ಏಳು ದಿನ ಸತತವಾಗಿ ಕೊಡುವ ಔಷಧ ಸೈಟರಾಬಿನ್. ಜೊತೆಗೆ ಮೂರು ದಿನ ಬೇರೊಂದು ಔಷಧ ಇರುತ್ತದೆ.

ಅದೇ ಕುಟುಂಬದ ಇನ್ನೊಂದು ಅಣು ವಿಡರಾಬಿನ್. ಹರ್ಪಿಸ್ ವೈರಸ್ ಸೋಂಕಿಗೆ ಅದನ್ನು ಬಳಸುತ್ತಿದ್ದರು. ಏಸೈಕ್ಲೋವಿರ್ ಬಂದ ಮೇಲೆ ಅದರ ಬಳಕೆ ತಗ್ಗಿತು.

ಎರಡನೆಯ ಉದಾಹರಣೆ: ಎರಿಬುಲಿನ್

ಸ್ತನದ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ ಮೇಲೆ, ಮೊದಲ ಕೆಲವು ಔಷಧಗಳು ಕೆಲಸ ಮಾಡದಿದ್ದಾಗ, ವೈದ್ಯರು ಎರಿಬುಲಿನ್ ಎಂಬ ಇಂಜೆಕ್ಷನ್ ಸೂಚಿಸುವುದುಂಟು. ಇದರ ಮೂಲ ಜಪಾನಿನ ಕಡಲಿನ ಒಂದು ಕಪ್ಪು ಸ್ಪಂಜು.

1980ರ ದಶಕದ ಮಧ್ಯದಲ್ಲಿ ಜಪಾನಿನ ಹಿರಾತ ಮತ್ತು ಉಎಮುರ ಎಂಬ ವಿಜ್ಞಾನಿಗಳು ಈ ಸ್ಪಂಜಿನಿಂದ ‘ಹ್ಯಾಲಿಕಾಂಡ್ರಿನ್ ಬಿ’ ಎಂಬ ಅಣುವನ್ನು ಬೇರ್ಪಡಿಸಿದರು. ಅದಕ್ಕೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಶಕ್ತಿ ಅಸಾಧಾರಣವಾಗಿತ್ತು. ಆದರೆ 600 ಕಿಲೋ ಸ್ಪಂಜನ್ನು ಅರೆದು ಸೋಸಿದಾಗ ಸಿಕ್ಕ ಹ್ಯಾಲಿಕಾಂಡ್ರಿನ್ ಬಿ ಕೇವಲ 12.5 ಮಿಲಿಗ್ರಾಂ.

ಎರಿಬುಲಿನ್‌ನ ಪ್ರಮಾಣದೊಂದಿಗೆ ಹೋಲಿಸಿದರೆ ಇದು ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ಸಾಮಾನ್ಯ ಮೈಕಟ್ಟಿನ ಮಹಿಳೆಗೆ ಒಂದು ಸಲಕ್ಕೆ ಸುಮಾರು 2 ಮಿಲಿಗ್ರಾಂ ಎರಿಬುಲಿನ್ ಕೊಡುತ್ತಾರೆ. 21 ದಿನಗಳ ಒಂದು ಸೈಕಲ್‌ನಲ್ಲಿ ಎರಡು ಡೋಸ್. ಅಂದರೆ 12.5 ಮಿಲಿಗ್ರಾಂ ಒಬ್ಬರಿಗೆ ಮೂರು ಸೈಕಲ್‌ಗೆ ಸಾಕಾಗುವಷ್ಟು. ಒಬ್ಬ ರೋಗಿಯ ಎರಡು ತಿಂಗಳ ಚಿಕಿತ್ಸೆಗೆ 600 ಕಿಲೋ ಸ್ಪಂಜು ಬೇಕೆಂದಾದರೆ, ಕಡಲೆಲ್ಲ ಬರಿದು ಮಾಡಿದರೂ ಎಲ್ಲರಿಗೂ ಔಷಧ ಒದಗಿಸಲು ಆಗುವುದಿಲ್ಲ.

ದಾರಿ ಸಿಕ್ಕಿದ್ದು ರಸಾಯನಶಾಸ್ತ್ರದಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಯೋಶಿತೊ ಕಿಶಿ ಅವರ ತಂಡ 1992ರಲ್ಲಿ ಈ ದೊಡ್ಡ ಅಣುವನ್ನು ಪೂರ್ತಿಯಾಗಿ ಪ್ರಯೋಗಾಲಯದಲ್ಲೇ ಕಟ್ಟಿತು. ಆಗ ಇನ್ನೊಂದು ವಿಷಯ ಗೊತ್ತಾಯಿತು: ಕ್ಯಾನ್ಸರ್ ಕೋಶದ ಮೇಲೆ ಕೆಲಸ ಮಾಡಲು ಅಣುವಿನ ಅರ್ಧ ಭಾಗವೇ ಸಾಕು. ಆ ಅರ್ಧವನ್ನು ತಿದ್ದಿ ರೂಪಿಸಿದ ಔಷಧವೇ ಎರಿಬುಲಿನ್. ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಸ್ಪಂಜಿನಲ್ಲಿ ಕಂಡಾಗಿನಿಂದ ಲೆಕ್ಕ ಹಾಕಿದರೆ ಸುಮಾರು ಕಾಲು ಶತಮಾನ.

ಇಷ್ಟೆಲ್ಲ ಆದ ಮೇಲೆ ರೋಗಿಗೆ ಸಿಕ್ಕ ಲಾಭ ಎಷ್ಟು? ಹರಡಿದ ಸ್ತನ ಕ್ಯಾನ್ಸರ್ ಇದ್ದು, ಮೊದಲೇ ಹಲವು ಚಿಕಿತ್ಸೆ ಪಡೆದಿದ್ದ 762 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಎರಿಬುಲಿನ್ ಪಡೆದವರಲ್ಲಿ ಅರ್ಧದಷ್ಟು ಮಂದಿ 13.1 ತಿಂಗಳಿಗಿಂತ ಹೆಚ್ಚು ಕಾಲ ಬದುಕಿದರು. ವೈದ್ಯರು ಆರಿಸಿದ ಬೇರೆ ಚಿಕಿತ್ಸೆ ಪಡೆದವರಲ್ಲಿ ಈ ಅವಧಿ 10.6 ತಿಂಗಳು. ವ್ಯತ್ಯಾಸ ಎರಡೂವರೆ ತಿಂಗಳು.

ಈ ಸಂಖ್ಯೆ ಕೆಲವರಿಗೆ ಸಣ್ಣದೆನಿಸಬಹುದು. ಮಗಳ ಪರೀಕ್ಷೆ ಮುಗಿಯುವುದನ್ನೋ ಮೊಮ್ಮಗುವಿನ ಮುಖವನ್ನೋ ನೋಡಬೇಕೆಂದಿರುವವರಿಗೆ ಅದು ಸಣ್ಣದಲ್ಲ. ಕೆಲವರಿಗೆ ಇದಕ್ಕಿಂತ ಹೆಚ್ಚು ಸಮಯ ಸಿಕ್ಕಿತು, ಕೆಲವರಿಗೆ ಏನೂ ಪ್ರಯೋಜನವಾಗಲಿಲ್ಲ ಎಂಬುದನ್ನೂ ನೆನಪಿಡಿ. ಕಡಲ ಸ್ಪಂಜಿನಿಂದ ಬಂದ ಅತ್ಯಂತ ಯಶಸ್ವಿ ಔಷಧಗಳಲ್ಲಿ ಒಂದರ ಅಳತೆ ಇದು. ‘ಕ್ಯಾನ್ಸರ್ ಮಾಯ’ ಎನ್ನುವ ಸುದ್ದಿಗಳನ್ನು ಓದುವಾಗ ಈ ಅಳತೆ ಕೈಯಲ್ಲಿರಲಿ.

ಔಷಧದ ಬಾಟಲಿಯಲ್ಲಿ ಸ್ಪಂಜು ಇದೆಯೇ?

ಇಲ್ಲ. ಸೈಟರಾಬಿನ್ ಮತ್ತು ಎರಿಬುಲಿನ್ ಎರಡನ್ನೂ ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುತ್ತಾರೆ. ‘ನಾವು ಸಸ್ಯಾಹಾರಿಗಳು, ಇದು ಪ್ರಾಣಿಯಿಂದ ತೆಗೆದದ್ದಾದರೆ ತೆಗೆದುಕೊಳ್ಳಬಹುದೇ?’ ಎಂಬ ಅಳುಕು ಮನೆಯ ಹಿರಿಯರಿಗೆ ಇದ್ದರೆ, ಈ ಔಷಧಕ್ಕಾಗಿ ಯಾವ ಸ್ಪಂಜನ್ನೂ ಕಡಲಿನಿಂದ ಕೀಳುವುದಿಲ್ಲ ಎಂದು ಅವರಿಗೆ ತಿಳಿಸಿ. ‘ನನಗೆ ಸಿಗಡಿ, ಏಡಿ ಆಗುವುದಿಲ್ಲ, ಈ ಇಂಜೆಕ್ಷನ್ ಆಗುತ್ತದೆಯೇ?’ ಎಂಬ ಭಯಕ್ಕೂ ಉತ್ತರ ಅದೇ: ಇದರಲ್ಲಿ ಕಡಲ ಜೀವಿಯ ಅಂಶವಿಲ್ಲ. ಆದರೂ ನಿಮಗಿರುವ ಎಲ್ಲ ಅಲರ್ಜಿಗಳನ್ನು ವೈದ್ಯರಿಗೆ ಹೇಳಲೇಬೇಕು. ಯಾವ ಔಷಧಕ್ಕಾದರೂ ಅಲರ್ಜಿ ಬರಬಹುದು.

‘ಪ್ರಕೃತಿಯಿಂದ ಬಂದದ್ದು, ಆದ್ದರಿಂದ ಅಡ್ಡಪರಿಣಾಮ ಇರದು’ ಎಂಬ ನಂಬಿಕೆಯೂ ತಪ್ಪು. ಸ್ಪಂಜಿನ ಅಣುಗಳನ್ನು ಪ್ರಕೃತಿ ರೂಪಿಸಿದ್ದೇ ವಿಷವಾಗಿ. ವಿಷವನ್ನು ಅಳೆದು, ತಿದ್ದಿ, ಹತೋಟಿಗೆ ತಂದಾಗ ಮಾತ್ರ ಅದು ಔಷಧ.

ನಮ್ಮ ಕಡಲಿನಲ್ಲಿ, ನಮ್ಮ ಪ್ರಯೋಗಾಲಯಗಳಲ್ಲಿ

ಭಾರತದ ಕಡಲಿನಲ್ಲೂ ನೂರಾರು ಜಾತಿಯ ಸ್ಪಂಜುಗಳಿವೆ. ತಮಿಳುನಾಡಿನ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಇವುಗಳ ಮುಖ್ಯ ತಾಣಗಳು. ಕರ್ನಾಟಕದಲ್ಲಿ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದವರು ಹವಳಗಳ ನಡುವೆ ಸ್ಪಂಜುಗಳನ್ನೂ ನೋಡುತ್ತಾರೆ. ಮನ್ನಾರ್ ಕೊಲ್ಲಿಯ ಸ್ಪಂಜುಗಳನ್ನು ಜಾತಿವಾರು ಗುರುತಿಸುವ ಕೆಲಸವನ್ನು ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪಿ. ಎ. ಥಾಮಸ್ ಅವರು ದಶಕಗಳ ಕಾಲ ಮಾಡಿದರು. ಕಡಲಿನಿಂದ ಔಷಧ ಹುಡುಕುವ ರಾಷ್ಟ್ರೀಯ ಯೋಜನೆಯೂ ನಡೆದಿದೆ. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆ ಅದರ ನೇತೃತ್ವ ವಹಿಸಿತ್ತು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲೂ ಕಡಲ ಜೀವಿಗಳ ರಸಾಯನಶಾಸ್ತ್ರದ ಅಧ್ಯಯನ ನಡೆದಿದೆ.

ಈ ಬಗೆಯ ಸಂಶೋಧನೆಗೆ ಬೇಕಾದ ಸಂಸ್ಥೆಗಳು ಎಷ್ಟು ಹತ್ತಿರದಲ್ಲಿವೆ ಎಂದು ತಿಳಿಯಲು ಚೆನ್ನೈ ನಗರವನ್ನೇ ನೋಡಿ. ಕೋಲಾರ, ಬೆಂಗಳೂರು ಕಡೆಯಿಂದ ಅಡ್ಯಾರ್‌ನ ಕ್ಯಾನ್ಸರ್ ಸಂಸ್ಥೆಗೋ ಬೇರೆ ಆಸ್ಪತ್ರೆಗೋ ಚಿಕಿತ್ಸೆಗೆ ಹೋದವರಿಗೆ ವಿಮಾನ ನಿಲ್ದಾಣದ ಪಕ್ಕದ ಪಲ್ಲಾವರಂ ಗೊತ್ತಿರುತ್ತದೆ. ಅಲ್ಲಿನ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಔಷಧ ವಿಜ್ಞಾನದ ವಿಭಾಗವಿದೆ. ಪಲ್ಲಾವರಂನಿಂದ ತೊರೈಪಾಕ್ಕಂಗೆ ಹೋಗುವ ಇನ್ನೂರು ಅಡಿ ರಸ್ತೆಯಲ್ಲಿ ಸಾಗಿದರೆ ಪಳ್ಳಿಕರಣೈ ಜೌಗು ಪ್ರದೇಶ ಬರುತ್ತದೆ. ಆ ಪಳ್ಳಿಕರಣೈನಲ್ಲೇ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಇದೆ. ಇನ್ನೂ ಸ್ವಲ್ಪ ಮುಂದೆ ತರಮಣಿಯಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಕಚೇರಿ. ದೇಶದ ಜೀವಸಂಪತ್ತನ್ನು ಸಂಶೋಧನೆಗೆ ಮತ್ತು ವ್ಯಾಪಾರಕ್ಕೆ ಬಳಸಿಕೊಳ್ಳುವುದನ್ನು ನಿಯಂತ್ರಿಸುವ ಸಂಸ್ಥೆ ಅದು.

ಹೀಗೆ ಕಡಲು, ಔಷಧ ಕಾಲೇಜು, ಸಾಗರ ಸಂಸ್ಥೆ, ಕಾನೂನಿನ ಕಚೇರಿ, ಕ್ಯಾನ್ಸರ್ ಆಸ್ಪತ್ರೆ ಎಲ್ಲವೂ ಒಂದೇ ಊರಿನಲ್ಲಿವೆ. ಆದರೆ ಪಲ್ಲಾವರಂನಿಂದ ಅಡ್ಯಾರ್‌ಗೆ ಒಂದು ಗಂಟೆಯೊಳಗೆ ಹೋಗಬಹುದಾದರೂ, ಕಾಲೇಜಿನ ಪ್ರಯೋಗಾಲಯದಲ್ಲಿ ಸಿಕ್ಕ ಅಣು ಆಸ್ಪತ್ರೆಯ ವಾರ್ಡಿಗೆ ತಲುಪಲು ಹತ್ತು-ಇಪ್ಪತ್ತು ವರ್ಷ ಬೇಕು. ಬಹುತೇಕ ಅಣುಗಳು ತಲುಪುವುದೇ ಇಲ್ಲ.

ಸುಳಿವಿನಿಂದ ಔಷಧದವರೆಗೆ

ಸುದ್ದಿಯಲ್ಲಿ ಬರುವ ಹೆಚ್ಚಿನ ಸಂಶೋಧನೆಗಳು ಮೊದಲ ಎರಡು-ಮೂರು ಮೆಟ್ಟಿಲುಗಳಲ್ಲಿರುತ್ತವೆ. ಮೆಟ್ಟಿಲುಗಳು ಹೀಗಿವೆ.

1. ಸಂಗ್ರಹ ಮತ್ತು ಸೋಸುವಿಕೆ. ಸ್ಪಂಜನ್ನು ಅನುಮತಿ ಪಡೆದು ಸಂಗ್ರಹಿಸಿ, ಜಾತಿ ಗುರುತಿಸಿ, ಮೆಥನಾಲ್‌ನಂಥ ದ್ರವದಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಸಾರದಲ್ಲಿ ನೂರಾರು ವಸ್ತುಗಳು ಬೆರೆತಿರುತ್ತವೆ. ಅವುಗಳಲ್ಲಿ ಕೆಲಸ ಮಾಡುವುದು ಯಾವುದೆಂದು ಒಂದೊಂದಾಗಿ ಬೇರ್ಪಡಿಸಬೇಕು.

2. ಕಂಪ್ಯೂಟರ್ ಲೆಕ್ಕ. ಅಣುವಿನ ಆಕಾರ ರೋಗಕ್ಕೆ ಕಾರಣವಾದ ಪ್ರೋಟೀನಿಗೆ ಬೀಗಕ್ಕೆ ಕೀಲಿಯಂತೆ ಹೊಂದುತ್ತದೆಯೇ ಎಂದು ಕಂಪ್ಯೂಟರ್‌ನಲ್ಲಿ ನೋಡುತ್ತಾರೆ. ಇದು ಅಗ್ಗ, ಬೇಗ ಆಗುತ್ತದೆ. ಆದರೆ ಇದು ಅಂದಾಜು ಮಾತ್ರ.

3. ತಟ್ಟೆಯಲ್ಲಿನ ಕೋಶಗಳ ಮೇಲೆ ಪರೀಕ್ಷೆ. ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ಎಷ್ಟು ಸಾಯುತ್ತವೆ ಎಂದು ಎಣಿಸುತ್ತಾರೆ. ಬ್ಲೀಚಿಂಗ್ ಪೌಡರ್ ಹಾಕಿದರೂ ತಟ್ಟೆಯಲ್ಲಿನ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಆರೋಗ್ಯವಂತ ಕೋಶಗಳನ್ನು ಉಳಿಸಿ ಕ್ಯಾನ್ಸರ್ ಕೋಶಗಳನ್ನು ಮಾತ್ರ ಕೊಲ್ಲುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

4. ಪ್ರಾಣಿಗಳ ಮೇಲೆ ಪರೀಕ್ಷೆ. ಔಷಧ ಗಡ್ಡೆಯವರೆಗೆ ತಲುಪುತ್ತದೆಯೇ, ಯಕೃತ್ತು, ಮೂತ್ರಪಿಂಡ, ಹೃದಯಕ್ಕೆ ಏನಾಗುತ್ತದೆ ಎಂದು ನೋಡುತ್ತಾರೆ.

5. ಮನುಷ್ಯರ ಮೇಲೆ ಮೂರು ಹಂತದ ಪ್ರಯೋಗ. ಮೊದಲ ಹಂತದಲ್ಲಿ ಕೆಲವೇ ಮಂದಿಯಲ್ಲಿ ಸುರಕ್ಷತೆ ಮತ್ತು ಡೋಸ್. ಎರಡನೆಯದರಲ್ಲಿ ಪರಿಣಾಮದ ಮೊದಲ ಲಕ್ಷಣಗಳು. ಮೂರನೆಯದರಲ್ಲಿ ನೂರಾರು ಅಥವಾ ಸಾವಿರಾರು ರೋಗಿಗಳಲ್ಲಿ ಈಗಿರುವ ಚಿಕಿತ್ಸೆಯೊಂದಿಗೆ ಹೋಲಿಕೆ.

ಐದನೆಯ ಮೆಟ್ಟಿಲಿಗೆ ಬಂದು ಜಾರಿದ ಅಣುಗಳೂ ಇವೆ. ಡಿಸ್ಕೋಡರ್ಮೊಲೈಡ್ ಎಂಬುದು ಆಳಕಡಲ ಸ್ಪಂಜಿನಲ್ಲಿ ಸಿಕ್ಕ ಪ್ರಬಲ ಅಣು, 1990ರಲ್ಲಿ ಅದರ ವಿವರ ಪ್ರಕಟವಾಯಿತು. ಸ್ಪಂಜಿನಿಂದ ಸಾಕಷ್ಟು ಸಿಗದ ಕಾರಣ ದೊಡ್ಡ ಕಂಪನಿಯೊಂದು ಬಹಳ ಶ್ರಮಪಟ್ಟು ಸುಮಾರು 60 ಗ್ರಾಂ ತಯಾರಿಸಿ ರೋಗಿಗಳ ಮೇಲೆ ಮೊದಲ ಹಂತದ ಪ್ರಯೋಗ ಶುರುಮಾಡಿತು. ಕೆಲವರ ಶ್ವಾಸಕೋಶಕ್ಕೆ ತೊಂದರೆ ಕಾಣಿಸಿಕೊಂಡಿತು. ಪ್ರಯೋಗ ನಿಂತಿತು. ತಟ್ಟೆಯಲ್ಲಿ ಕಾಣದ ಅಪಾಯ ಮನುಷ್ಯನಲ್ಲಿ ಕಂಡಿತು. ಇಷ್ಟೆಲ್ಲ ಪರೀಕ್ಷೆ ಏಕೆ, ಬೇಗ ಕೊಡಬಾರದೇ ಎಂದು ಕೇಳುವವರಿಗೆ ಇದೇ ಉತ್ತರ.

ಸುದ್ದಿ ಓದುವಾಗ ಕೇಳಿಕೊಳ್ಳಿ

- ಪರೀಕ್ಷೆ ನಡೆದದ್ದು ಯಾವುದರ ಮೇಲೆ? ಕಂಪ್ಯೂಟರ್, ಕೋಶ, ಇಲಿ ಎಂದಿದ್ದರೆ ಅದು ರೋಗಿಗೆ ಇನ್ನೂ ದೂರ.
- ಮನುಷ್ಯರ ಮೇಲೆ ನಡೆದಿದ್ದರೆ ಎಷ್ಟು ಮಂದಿ? ಯಾವ ಹಂತ? ಬೇರೆ ಚಿಕಿತ್ಸೆಯೊಂದಿಗೆ ಹೋಲಿಸಿದ್ದಾರೆಯೇ?
- ಯಾವ ಬಗೆಯ ಕ್ಯಾನ್ಸರ್? ರಕ್ತದ ಕ್ಯಾನ್ಸರ್‌ಗೆ ಕೆಲಸ ಮಾಡುವ ಸೈಟರಾಬಿನ್ ಸ್ತನದ ಕ್ಯಾನ್ಸರ್‌ಗೆ ಕೊಡುವ ಔಷಧವಲ್ಲ.
- ಸುದ್ದಿಯ ಕೊನೆಯಲ್ಲಿ ಏನನ್ನಾದರೂ ಮಾರುತ್ತಿದ್ದಾರೆಯೇ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಪುಡಿ, ಕ್ಯಾಪ್ಸೂಲ್, ಕಷಾಯ ಬೇಡ

ಸ್ಪಂಜಿನ ಪುಡಿಯೋ ಸಾರವೋ ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 600 ಕಿಲೋದಲ್ಲಿ 12.5 ಮಿಲಿಗ್ರಾಂ ಎಂಬ ಲೆಕ್ಕ ನೆನಪಿಸಿಕೊಳ್ಳಿ. ಒಂದು ಚಮಚ ಪುಡಿಯಲ್ಲಿ ಔಷಧದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬೇರೆ ವಿಷಗಳು ಎಷ್ಟಿವೆ ಎಂದು ಹೇಳುವವರಿಲ್ಲ. ಕೆಲವು ಸ್ಪಂಜುಗಳನ್ನು ಬರಿಗೈಯಲ್ಲಿ ಮುಟ್ಟಿದರೂ ಚರ್ಮ ಉರಿದು ಬೊಬ್ಬೆ ಏಳುತ್ತದೆ.

ಹಿಂದೆ ಶಾರ್ಕ್ ಮೀನಿನ ಮೃದ್ವಸ್ಥಿಯ ಕ್ಯಾಪ್ಸೂಲ್‌ಗಳು ಕ್ಯಾನ್ಸರ್‌ಗೆ ಮದ್ದೆಂದು ಹಲವು ದೇಶಗಳಲ್ಲಿ ಮಾರಾಟವಾದವು. ಸರಿಯಾದ ಪ್ರಯೋಗ ನಡೆಸಿದಾಗ ರೋಗಿಗಳಿಗೆ ಯಾವ ಲಾಭವೂ ಕಾಣಲಿಲ್ಲ. ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ.

ಇದಕ್ಕಿಂತ ದೊಡ್ಡ ನಷ್ಟ ಸಮಯದ್ದು. ತೀವ್ರ ರಕ್ತದ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ತಡವಾದರೆ ಕೆಲವೇ ವಾರಗಳಲ್ಲಿ ಪರಿಸ್ಥಿತಿ ಕೈಮೀರಬಹುದು. ಮೊದಲ ಹಂತದ ಸ್ತನ ಕ್ಯಾನ್ಸರ್ ಕಾಯುತ್ತ ಕೂತರೆ ಹರಡಬಹುದು. ಮುಂದೆಂದೋ ಬರಬಹುದಾದ ಔಷಧಕ್ಕಾಗಿ ಇಂದು ಕೈಯಲ್ಲಿರುವ ಚಿಕಿತ್ಸೆಯನ್ನು ಬಿಡಬೇಡಿ. ಈಗಾಗಲೇ ಏನಾದರೂ ನಾಟಿ ಔಷಧ, ಪುಡಿ ತೆಗೆದುಕೊಳ್ಳುತ್ತಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ವೈದ್ಯರಿಗೆ ಹೇಳಿ. ಅದು ಕಿಮೋ ಔಷಧದೊಂದಿಗೆ ಬೆರೆತು ಹಾನಿ ಮಾಡಬಹುದು.

ಹೊಸ ಔಷಧದ ಪ್ರಯೋಗಕ್ಕೆ ಸೇರಬೇಕೆಂದಿದ್ದರೆ

ಅದಕ್ಕೆ ಸರಿಯಾದ ದಾರಿ ಇದೆ. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇಂಡಿಯಾ’ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಅದನ್ನು ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಇಂಗ್ಲಿಷ್ ಓದಬಲ್ಲ ಮಕ್ಕಳ ಸಹಾಯದಿಂದ ಹುಡುಕಿ, ಸಿಕ್ಕ ವಿವರವನ್ನು ನಿಮ್ಮ ವೈದ್ಯರಿಗೆ ತೋರಿಸಿ.

ಸೇರುವ ಮೊದಲು ಒಪ್ಪಿಗೆ ಪತ್ರವನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಚೆನ್ನೈನ ಆಸ್ಪತ್ರೆಯಲ್ಲಿದ್ದು ತಮಿಳು ಬಾರದಿದ್ದರೆ ಕನ್ನಡದಲ್ಲಿ ಹೇಳಿಸಿಕೊಡಿ ಎಂದು ಕೇಳಲು ಸಂಕೋಚಪಡಬೇಡಿ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಅವಕಾಶವಿದೆ. ಪ್ರಯೋಗದ ಔಷಧಕ್ಕೆಂದು ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಅನುಮಾನಪಡಿ.

ಈ ಔಷಧಗಳನ್ನು ಈಗ ಪಡೆಯುತ್ತಿರುವವರಿಗೆ

ಸೈಟರಾಬಿನ್ ಪಡೆಯುವಾಗ ರಕ್ತಕಣಗಳ ಸಂಖ್ಯೆ ಬಹಳ ಕೆಳಗಿಳಿಯುತ್ತದೆ. ವಾಕರಿಕೆ, ಬಾಯಿಹುಣ್ಣು, ಭೇದಿ, ಕೂದಲು ಉದುರುವುದು ಸಾಮಾನ್ಯ. ಹೆಚ್ಚಿನ ಡೋಸ್ ಕೊಡುವಾಗ ಕಣ್ಣು ಕೆಂಪಾಗಿ ಉರಿಯಬಹುದು. ಅದನ್ನು ತಡೆಯಲು ವೈದ್ಯರು ಕಣ್ಣಿನ ಹನಿ ಕೊಡುತ್ತಾರೆ, ತಪ್ಪದೆ ಹಾಕಿ. ನಡೆಯುವಾಗ ತೂರಾಡುವುದು, ಮಾತು ತೊದಲುವುದು, ಕೈಬರಹ ಕೆಡುವುದು ಕಂಡರೆ ತಕ್ಷಣ ನರ್ಸ್ ಅಥವಾ ವೈದ್ಯರಿಗೆ ತಿಳಿಸಿ. ಇದು ಮೆದುಳಿನ ಮೇಲಿನ ಪರಿಣಾಮವಿರಬಹುದು. ರೋಗಿಗೆ ತಾನೇ ಗೊತ್ತಾಗದಿರಬಹುದು, ಪಕ್ಕದಲ್ಲಿರುವ ನೀವು ಗಮನಿಸಬೇಕು.

ಎರಿಬುಲಿನ್ ಪಡೆಯುವಾಗಲೂ ಬಿಳಿ ರಕ್ತಕಣ ಕಡಿಮೆಯಾಗುತ್ತದೆ. ಸುಸ್ತು, ಮಲಬದ್ಧತೆ, ಕೂದಲು ಉದುರುವುದು ಇರುತ್ತದೆ. ಕೈಕಾಲು ಜೋಮು ಹಿಡಿಯುವುದು, ಗುಂಡಿ ಹಾಕಲು ಕಷ್ಟವಾಗುವುದು, ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗದಿರುವುದು ನರಗಳ ತೊಂದರೆಯ ಲಕ್ಷಣ. ‘ವಯಸ್ಸಾಯಿತು’ ಎಂದು ಸುಮ್ಮನಿರಬೇಡಿ. ಡೋಸ್ ಕಡಿಮೆ ಮಾಡಿದರೆ ಅಥವಾ ಮುಂದೂಡಿದರೆ ಹೆಚ್ಚಾಗದಂತೆ ತಡೆಯಬಹುದು. ಹೃದಯದ ಲಯದ ತೊಂದರೆ ಇದ್ದವರು ಮೊದಲೇ ಹೇಳಬೇಕು.

ಎರಡಕ್ಕೂ ಅನ್ವಯಿಸುವ ಒಂದು ಎಚ್ಚರಿಕೆ: ಕಿಮೋ ನಂತರ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ಜ್ವರದ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಚೆನ್ನೈನಲ್ಲೋ ಬೆಂಗಳೂರಿನಲ್ಲೋ ಕಿಮೋ ಮುಗಿಸಿ ಊರಿಗೆ ಮರಳುವವರು ಊರಿನ ಹತ್ತಿರ ಯಾವ ಆಸ್ಪತ್ರೆಗೆ ಹೋಗಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಡಿಸ್ಚಾರ್ಜ್ ಚೀಟಿ, ಔಷಧದ ಹೆಸರು, ಕೊನೆಯ ಡೋಸ್ ಕೊಟ್ಟ ದಿನಾಂಕ ಇವುಗಳ ಫೋಟೋ ಮೊಬೈಲಿನಲ್ಲಿರಲಿ.

ಕೊನೆಯದಾಗಿ

ಕಡಲ ಸ್ಪಂಜಿನಿಂದ ಔಷಧ ಎಂಬುದು ಕಟ್ಟುಕಥೆಯಲ್ಲ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಸೈಟರಾಬಿನ್ ಜೀವ ಉಳಿಸುತ್ತಿದೆ. ಮುಂದೆಯೂ ಹೊಸ ಅಣುಗಳು ಸಿಗಬಹುದು, ನಮ್ಮ ಮನ್ನಾರ್ ಕೊಲ್ಲಿಯಿಂದಲೇ ಸಿಗಬಹುದು. ಅದಕ್ಕಾಗಿ ಆ ಕಡಲು ಕೆಡದೆ ಉಳಿಯಬೇಕು, ಪ್ರಯೋಗಾಲಯಗಳಲ್ಲಿ ತಾಳ್ಮೆಯ ಕೆಲಸ ನಡೆಯುತ್ತಿರಬೇಕು.

ಅಂಥ ಸುದ್ದಿ ಕಂಡಾಗ ಸಂತೋಷಪಡಿ. ಅದನ್ನು ಕತ್ತರಿಸಿಯೋ ಮೊಬೈಲಿನಲ್ಲಿ ಉಳಿಸಿಯೋ ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ, ‘ಇದು ಯಾವ ಹಂತದಲ್ಲಿದೆ, ನಮಗೆ ಅನ್ವಯಿಸುತ್ತದೆಯೇ?’ ಎಂದು ಕೇಳಿ. ಆ ಭೇಟಿಯ ದಿನಾಂಕವನ್ನು ಮಾತ್ರ ತಪ್ಪಿಸಬೇಡಿ.